ಮಧ್ಯಾಹ್ನದ ಮೇಲೆ ಗುಂಡು ಹಾರಿಸಲ್ಲ: ಗ್ರಿಜ್ಲಿ ಸೀಮೆಯಲ್ಲಿ ನನ್ನ ಎಲ್ಕ್ ಬೇಟೆ

ಹನ್ನೆರಡು ಗಂಟೆ ದಾಟಿದ ಮೇಲೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಎದುರಿಗೇ ಬಂದು ನಿಂತರೂ ನಾನು ಟ್ರಿಗರ್ ಮುಟ್ಟಲ್ಲ. ಇದನ್ನು ಹೇಳಿದಾಗ ಅಮೆರಿಕದ ಮೊಂಟಾನಾ ರಾಜ್ಯದ ಬೋಜ್‌ಮನ್‌ನ ಬೇಟೆ ಗೆಳೆಯರೆಲ್ಲ ನಕ್ಕರು. ಎಲ್ಕ್ ಬಯಲಿಗೆ ಮೇಯಲು ಬರೋದೇ ಸಂಜೆ ಅಲ್ವಾ, ಅರ್ಧ ಸೀಸನ್ ಕೈಯಾರೆ ಬಿಡ್ತೀಯಲ್ಲ ಅಂದರು. ಆದರೆ ಈಚೆಗೆ ಕೆಲವು ವರ್ಷಗಳಿಂದ ನಮ್ಮನೆ ಫ್ರೀಜರ್ ಖಾಲಿ ಬಿದ್ದಿಲ್ಲ. ನಕ್ಕವರಲ್ಲಿ ಇಬ್ಬರು ಈಗ ನನ್ನ ಜೊತೆಗೇ ಬರುತ್ತಾರೆ.

ಮೊಂಟಾನಾದ ಮ್ಯಾಡಿಸನ್ ಬೆಟ್ಟಸಾಲಲ್ಲಿ ಎಲ್ಕ್ ಹೊಡೆಯೋದು ಕಷ್ಟವಲ್ಲ. ಹೊಡೆದದ್ದನ್ನು ಗಾಡಿ ತನಕ ತರೋದೇ ಕಷ್ಟ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಸುತ್ತಿನ ಗ್ರಿಜ್ಲಿ ಕರಡಿಗಳಿಗೆ ಬೇಟೆ ಸೀಸನ್ ಅಂದರೆ ಊಟದ ಸೀಸನ್. ಬೇಟೆಗಾರರು ಬಿಟ್ಟುಹೋಗೋ ಕರುಳು ಎಲ್ಲೆಲ್ಲಿ ಸಿಗುತ್ತೆ ಅಂತ ಅವಕ್ಕೆ ಚೆನ್ನಾಗಿ ಗೊತ್ತು.

ಮೊದಲು ನಾನೂ ಸಂಜೆಯೇ ಹೊಡೆಯುತ್ತಿದ್ದೆ. ಒಂದು ಸಲ ಸುಮಾರು ಮುನ್ನೂರು ಕಿಲೋ ಗಂಡು ಬಿತ್ತು. ಎರಡು ಕಾಲು ಬಿಡಿಸುವಷ್ಟರಲ್ಲಿ ಕತ್ತಲಾಯಿತು. ಉಳಿದದ್ದನ್ನು ಅಲ್ಲೇ ಬಿಟ್ಟು ಇಳಿದೆವು. ಬೆಳಿಗ್ಗೆ ಎದುರಿನ ಗುಡ್ಡದಿಂದ ದುರ್ಬೀನು ಹಿಡಿದು ನೋಡಿದರೆ ಎಲ್ಕ್ ಇಲ್ಲ. ಅದೇ ಜಾಗದಲ್ಲಿ ಮಣ್ಣು, ಹುಲ್ಲು, ಮುರಿದ ಕೊಂಬೆಗಳ ಒಂದು ಗುಡ್ಡೆ. ಸುತ್ತಲ ಮರದ ತುಂಬ ಕಾಗೆ, ಒಂದೂ ಕೆಳಗಿಳಿಯುತ್ತಿಲ್ಲ. ಅಂದರೆ ಅದನ್ನು ಮುಚ್ಚಿಟ್ಟ ಹೊಸ ಮಾಲೀಕ, ಕರಡಿ, ಪಕ್ಕದಲ್ಲೇ ಮಲಗಿದ್ದಾನೆ. ಹಾಗೇ ವಾಪಸ್ ಬಂದೆವು. ಟ್ಯಾಗ್ (ಒಂದು ಎಲ್ಕ್ ಹೊಡೆಯುವ ಪರವಾನಗಿ ಚೀಟಿ) ಹೋಯಿತು, ಐವತ್ತು ಕಿಲೋ ಮಾಂಸ ಹೋಯಿತು, ಗೆಳೆಯನ ಹೊಸ ಬ್ಯಾಗ್ ಫ್ರೇಮೂ ಅಲ್ಲೇ ಉಳಿಯಿತು.

ಆಮೇಲೆ ದುಡ್ಡು ಸುರಿಯೋಕೆ ಶುರು ಮಾಡಿದೆ. ಮುನ್ನೂರು ಚಿಲ್ಲರೆ ಡಾಲರ್ ಕೊಟ್ಟು ಕರೆಂಟ್ ಬೇಲಿ ತಂದೆ. ಆದರೆ ಅದನ್ನು ಹೊತ್ತು ಹತ್ತೋದು, ಕಲ್ಲುನೆಲದಲ್ಲಿ ಗೂಟ ಹೊಡೆಯೋದು ಎರಡೂ ಬೇಜಾರು. ಕ್ಯಾಂಪಿಗೆ ಸರಿ, ಬೇಟೆ ಜಾಗಕ್ಕಲ್ಲ. ಮಾಂಸದ ಪಕ್ಕ ರೇಡಿಯೊ ಹಾಡಿಸಿಯೂ ನೋಡಿದೆ. ಕರಡಿ ಬರಲಿಲ್ಲ ನಿಜ, ಆದರೆ ಆ ವಾರ ಆ ಕಣಿವೆಗೆ ಕರಡಿಯೇ ಬಂದಿರಲಿಲ್ಲವೋ ಏನೋ. ನವೆಂಬರ್ ಕೊನೆಗೆ ಹೋದರೆ ಕರಡಿ ಗುಹೆ ಸೇರಿರುತ್ತೆ ಅಂತಾರಲ್ಲ, ಅದನ್ನೂ ನಂಬಬೇಡಿ. ದೊಡ್ಡ ಗಂಡುಗಳು ಹಿಮದಲ್ಲೂ ಓಡಾಡುತ್ತವೆ.

ಕತ್ತಲಾಗೋ ಮೊದಲೇ ಮಾಂಸವೆಲ್ಲ ಇಳಿಸೋಕೆ ಈಗಿನ ಕ್ರಮ ಹೀಗೆ. ಕತ್ತಲಿರುವಾಗಲೇ ಹತ್ತುತ್ತೇವೆ. ಮುಂಜಾನೆ ತಣ್ಣನೆ ಗಾಳಿ ಇಳಿಜಾರಿಗೆ ಹರಿಯುತ್ತೆ, ಹಾಗಾಗಿ ಹಿಂಡಿನ ಮೇಲ್ಗಡೆ ಹೋಗದೆ ಪಕ್ಕದಲ್ಲೇ ಇರುತ್ತೇವೆ. ಬಿಸಿಲು ಬಿದ್ದು ಗಾಳಿ ಮೇಲಕ್ಕೆ ತಿರುಗಿದ ಮೇಲೆ ಮಾತ್ರ ಮೇಲೆ ಸರಿಯೋದು. ಅಷ್ಟೊತ್ತಿಗೆ ಅವು ಮೇವು ಮುಗಿಸಿ ಮಲಗಲು ಕಾಡಿಗೆ ಹತ್ತುತ್ತಿರುತ್ತವೆ. ಯಾವ ದಾರಿ ಹಿಡಿಯುತ್ತವೆ ಅಂತ ಹೇಗೆ ಕಂಡುಹಿಡಿಯುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದಕ್ಕೆ ನನಗೆ ಎರಡು ಬೇಸಿಗೆ ಹಿಡಿದಿದೆ.

ಗಾಡಿಯಿಂದ ಮೂರು ಕಿಲೋಮೀಟರ್ ಆಚೆ ಇದ್ದರೆ ಹೊಡೆಯೋದಿಲ್ಲ. ಬಿದ್ದ ಮೇಲೆ ಹೊಟ್ಟೆ ಸೀಳೋದಿಲ್ಲ. ಒಂದು ಮಗ್ಗುಲು ಬಿಡಿಸಿ, ಮಗುಚಿ, ಇನ್ನೊಂದು ಮಗ್ಗುಲು. ಒಬ್ಬ ಕೊಯ್ಯುತ್ತಾನೆ, ಇನ್ನೊಬ್ಬ ಎದ್ದು ನಿಂತು ಸುತ್ತ ನೋಡುತ್ತಾನೆ, ಅಷ್ಟೇ ಅವನ ಕೆಲಸ. ಫೋನ್ ಮುಟ್ಟಬಾರದು. ಬೇರ್ ಸ್ಪ್ರೇ (ಕರಡಿ ಓಡಿಸೋ ಖಾರದ ಸ್ಪ್ರೇ) ಇಬ್ಬರ ಎದೆ ಮೇಲೂ ಇರಬೇಕು. ಬ್ಯಾಗಿನೊಳಗೆ ಇಟ್ಟರೆ ಇದ್ದೂ ಇಲ್ಲದಂತೆ. ಒತ್ತಿ ಹಿಡಿದರೆ ಡಬ್ಬಿ ಖಾಲಿಯಾಗೋಕೆ ಏಳೆಂಟು ಸೆಕೆಂಡ್ ಸಾಕು. ಚಳಿಯಲ್ಲಿ ಒತ್ತಡ ಕಮ್ಮಿಯಾಗುತ್ತೆ, ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳುತ್ತೇನೆ. ನನ್ನ ಹೆಂಡತಿ ಇದಕ್ಕೆ ಒಪ್ಪಲ್ಲ.

ಬಿಡಿಸಿದ ಪ್ರತಿ ತುಂಡೂ ಆಗಿಂದಾಗಲೇ ಬಟ್ಟೆ ಚೀಲ ಸೇರಿ ನೂರೈವತ್ತು ಮೀಟರ್ ದೂರದ ಬಯಲಿಗೆ ಹೋಗುತ್ತೆ. ನೆರಳಿರಬೇಕು, ದೂರದಿಂದ ಕಾಣಬೇಕು. ಎರಡನೇ ಹೊರೆಗೆ ಬರುವಾಗ ಮೊದಲು ದುರ್ಬೀನು, ಆಮೇಲೆ ಜೋರಾಗಿ ಮಾತು, ಆಮೇಲೆ ಕಾಲು. ಗೆಳೆಯನಿಗೆ ಕನ್ನಡ ಬರಲ್ಲ, ಆದರೂ ನಾನು ಕೂಗೋದು ಕನ್ನಡದಲ್ಲೇ. ಎಲುಬು ಬಿಡಿಸಿದ ಮೇಲೆ ಎಂಬತ್ತು, ತೊಂಬತ್ತು ಕಿಲೋ ಇರುತ್ತೆ. ಇಬ್ಬರಿಗೆ ಎರಡೆರಡು ಸಲ. ಸಂಜೆ ನಾಲ್ಕಕ್ಕೆ ಗಾಡಿ ಹತ್ತಿರ ಇರುತ್ತೇವೆ.

ಇಲ್ಲಿನ ನಿವಾಸಿಗೆ ಲೈಸೆನ್ಸ್ ಎಲ್ಲ ಸೇರಿ ಐವತ್ತು ಡಾಲರ್ ಒಳಗೇ. ಸ್ಪ್ರೇ ಎರಡಕ್ಕೆ ತೊಂಬತ್ತು, ನಾಲ್ಕು ವರ್ಷಕ್ಕೊಮ್ಮೆ ಬದಲಿಸಬೇಕು. ಪೆಟ್ರೋಲು ಬೇರೆ. ಮಾಂಸ ನಾವೇ ಕತ್ತರಿಸೋದರಿಂದ ಅಂಗಡಿಯ ಖರ್ಚಿಲ್ಲ. ನಾನು ಕೊಡಗಿನವನು, ಊರಿಂದ ತಂದ ಕಾಚಂಪುಳಿ ಹಾಕಿ ಪಂದಿ ಕರಿ ತರಹ ಮಾಡಿ ನೋಡಿದೆ. ಎಲ್ಕ್‌ನಲ್ಲಿ ಕೊಬ್ಬೇ ಇಲ್ಲ, ಸ್ವಲ್ಪ ಹಂದಿ ಕೊಬ್ಬು ಸೇರಿಸದೆ ಇದ್ದರೆ ಒಣಕಲು.

ಕರೆಂಟ್ ಬೇಲಿ ಮಾರೋದಿದೆ. ಎರಡೇ ಸಲ ಬಳಸಿದ್ದು. ಇನ್ನೂರು ಡಾಲರ್ ಕೊಟ್ಟರೆ ಬ್ಯಾಟರಿಯೂ ಸೇರಿಸಿ ಕೊಡುತ್ತೇನೆ.