8 ಹಿಟ್ ಪಾಯಿಂಟ್ ಇರುವವರನ್ನು ಫೈಟ್‌ಗೆ ಇಳಿಸುವುದು: ನನ್ನ ಅನುಭವ

ಬೆಂಗಳೂರಿನಲ್ಲಿ ಗೆಳೆಯರ ಗುಂಪಿಗೆ ನಾನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತೇನೆ. ಒಬ್ಬರು (ಡಿಎಂ) ಕಥೆ ಹೇಳುತ್ತ ಎದುರಾಳಿಗಳನ್ನು ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುತ್ತಾರೆ. ಪುಸ್ತಕ ಇಂಗ್ಲಿಷಿನದು, ಮೇಜಿನ ಸುತ್ತ ಮಾತೆಲ್ಲ ಕನ್ನಡ. ಬರುವವರಲ್ಲಿ ಹೆಚ್ಚಿನವರು ಆಟಕ್ಕೆ ಹೊಸಬರು. ಹಾಗಾಗಿ ನಾನು ಜಾಸ್ತಿ ಆಡಿಸಿರುವುದು ಲೆವೆಲ್ 1, ಅಂದರೆ ಪಾತ್ರಗಳ ಮೊದಲ ಮೆಟ್ಟಿಲು. ಆ ಲೆವೆಲ್‌ನ ಫೈಟ್ ಬೇರೆಯದೇ ಲೆಕ್ಕ. ಅದನ್ನು ನಾನು ಹೇಗೆ ನಡೆಸುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಾವು ಆಡುವುದು ಐದನೇ ಆವೃತ್ತಿಯ 2014ರ ನಿಯಮಗಳ ಪ್ರಕಾರ. ಹಳೆಯ ಆವೃತ್ತಿಗಳಿಂದ ಒಂದೆರಡು ನಿಯಮ ತಂದು ಸೇರಿಸಿಕೊಂಡಿದ್ದೇನೆ.

ಮೊದಲು ಲೆಕ್ಕ ನೋಡಿ. ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) 14 ಇರುವ ವಿಝರ್ಡ್‌ಗೆ, ಅಂದರೆ ಮಂತ್ರವಾದಿಗೆ, ಲೆವೆಲ್ 1ರಲ್ಲಿ 8 ಹಿಟ್ ಪಾಯಿಂಟ್. ಏಟು ಬಿದ್ದಷ್ಟು ಇದು ಇಳಿಯುತ್ತದೆ, ಸೊನ್ನೆಯಾದರೆ ಪಾತ್ರ ಬೀಳುತ್ತದೆ. ಗಾಬ್ಲಿನ್ ಅನ್ನುವ ಪುಟ್ಟ ರಾಕ್ಷಸನ ಏಟು ಅಂದರೆ ಆರು ಮುಖದ ಒಂದು ದಾಳ, ಜೊತೆಗೆ 2. ದಾಳದಲ್ಲಿ 6 ಬಿದ್ದರೆ ಒಂದೇ ಏಟಿಗೆ ವಿಝರ್ಡ್ ನೆಲಕ್ಕೆ. ಇನ್ನು ಓರ್ಕ್ ಅನ್ನುವ ದೊಡ್ಡ ರಾಕ್ಷಸ ಗ್ರೇಟ್‌ಆಕ್ಸ್ (ದೊಡ್ಡ ಕೊಡಲಿ) ಬೀಸಿ, 20 ಮುಖದ ದಾಳದಲ್ಲಿ 20 ಬಿದ್ದು ಕ್ರಿಟಿಕಲ್ ಆಯಿತು, ಅಂದರೆ ಏಟಿನ ದಾಳ ಎರಡರಷ್ಟಾಯಿತು ಅಂದುಕೊಳ್ಳಿ. ಆಗ 12 ಮುಖದ ದಾಳ ಎರಡು, ಜೊತೆಗೆ 3. ಸೊನ್ನೆಗೆ ಇಳಿದ ಮೇಲೂ ಉಳಿಯುವ ಏಟು ಪಾತ್ರದ ಪೂರ್ತಿ ಹಿಟ್ ಪಾಯಿಂಟ್‌ನಷ್ಟಿದ್ದರೆ ಆ ಪಾತ್ರ ಸ್ಥಳದಲ್ಲೇ ಸಾಯುತ್ತದೆ. ನಮ್ಮ ವಿಝರ್ಡ್‌ಗೆ ಆ ಗೆರೆ 16. ಎರಡು ದಾಳ ಸೇರಿ 13 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮುಗಿಯಿತು, ಅದು ಬೀಳುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಎರಡು ಗಂಟೆ ಕೂತು ಪಾತ್ರಕ್ಕೆ ಹೆಸರು, ಊರು, ಕಥೆ ಎಲ್ಲ ಕಟ್ಟಿದ ಆಟಗಾರ ತನ್ನ ಮೊದಲ ಸರದಿ ಬರುವ ಮುಂಚೆಯೇ ಹೊರಗೆ ಬೀಳಬಹುದು.

ಇದಕ್ಕೆ ಅನೇಕ ಡಿಎಂಗಳು ಕಂಡುಕೊಂಡಿರುವ ಉಪಾಯ, ಪರದೆಯ ಹಿಂದೆ ದಾಳ ಹಾಕಿ ಅಂಕಿ ಬದಲಿಸುವುದು. ನಾನು ಅದನ್ನು ಮಾಡುವುದಿಲ್ಲ. ನನ್ನ ದಾಳ ಎಲ್ಲರ ಕಣ್ಣೆದುರೇ ಬೀಳುತ್ತದೆ. ಸಾವು ನಿಜವಾಗಿ ಸಾಧ್ಯ ಅಂತ ಗೊತ್ತಿದ್ದಾಗಲೇ ಹೊಸಬರು ಯೋಚನೆ ಮಾಡಿ ಆಡುತ್ತಾರೆ. ಕತ್ತಲೆ ಗುಹೆಗೆ ನುಗ್ಗುವ ಮುಂಚೆ ಒಂದು ಕಲ್ಲು ಎಸೆದು ನೋಡುತ್ತಾರೆ. ಆ ಎಚ್ಚರಿಕೆ ನನಗೆ ಬೇಕು. ಹಾಗಾಗಿ ನನ್ನ ಕೆಲಸವೆಲ್ಲ ದಾಳ ಬೀಳುವ ಮುಂಚೆಯೇ ಆಗಿರಬೇಕು: ಎದುರಿಗೆ ಯಾರನ್ನು ನಿಲ್ಲಿಸುತ್ತೇನೆ, ಅವರ ಕೈಯಲ್ಲಿ ಏನು ಕೊಡುತ್ತೇನೆ, ಆಟಗಾರರಿಗೆ ಎಷ್ಟು ಮೊದಲೇ ತೋರಿಸುತ್ತೇನೆ.

ಕೈಯಲ್ಲಿರುವ ಆಯುಧದ ವಿಷಯ ಚಿಕ್ಕದು ಅನಿಸಬಹುದು, ಆದರೆ ಅದರಲ್ಲಿ ಬಹಳ ಇದೆ. ಅದೇ ಓರ್ಕ್‌ನ ವಿವರದಲ್ಲಿ ಜಾವೆಲಿನ್ (ಎಸೆಯುವ ಈಟಿ) ಕೂಡ ಇದೆ. ಅದರ ಏಟು ಆರು ಮುಖದ ಒಂದು ದಾಳ, ಜೊತೆಗೆ 3. ಕ್ರಿಟಿಕಲ್ ಆದರೂ ಹೆಚ್ಚೆಂದರೆ 15. ಪೂರ್ತಿ ಹಿಟ್ ಪಾಯಿಂಟ್ ಇರುವ ನಮ್ಮ ವಿಝರ್ಡ್ ಬೀಳುತ್ತಾನೆ, ಆದರೆ ಸ್ಥಳದಲ್ಲೇ ಸಾಯುವುದಿಲ್ಲ. ಬಿದ್ದವನಿಗೆ ಡೆತ್ ಸೇವ್ ಇದೆ. ಪ್ರತಿ ಸರದಿಗೆ 20 ಮುಖದ ದಾಳದಲ್ಲಿ 10 ಅಥವಾ ಮೇಲೆ ಬಿದ್ದರೆ ಒಂದು ಗೆಲುವು, ಕೆಳಗೆ ಬಿದ್ದರೆ ಒಂದು ಸೋಲು, ಮೂರು ಗೆಲುವು ಮೊದಲಾದರೆ ಬದುಕಿದ, ಮೂರು ಸೋಲು ಮೊದಲಾದರೆ ಸತ್ತ. ಅಷ್ಟರಲ್ಲಿ ಕ್ಲೆರಿಕ್ (ಗುಣಪಡಿಸುವ ಪೂಜಾರಿ) ಹೀಲಿಂಗ್ ವರ್ಡ್ ಮಂತ್ರ ಹೇಳಿದರೆ ಎದ್ದು ನಿಲ್ಲುತ್ತಾನೆ. ಒಬ್ಬ ಬಿದ್ದಾಗ ಉಳಿದವರೆಲ್ಲ ಅವನ ಕಡೆ ಓಡುತ್ತಾರಲ್ಲ, ಮೊದಲ ಲೆವೆಲ್‌ನ ಅತಿ ಒಳ್ಳೆಯ ಗಳಿಗೆ ಅದೇ. ಸ್ಥಳದಲ್ಲೇ ಸತ್ತರೆ ಆ ಗಳಿಗೆ ಸಿಗುವುದೇ ಇಲ್ಲ. ಅದಕ್ಕೇ ಲೆವೆಲ್ 1ರಲ್ಲಿ ನನ್ನ ಓರ್ಕ್‌ಗಳು ಜಾವೆಲಿನ್ ಹಿಡಿದೇ ಬರುತ್ತಾರೆ.

ಎದುರಾಳಿಗಳ ಏಟಿಗೆ ದಾಳ ಹಾಕುವುದನ್ನೂ ಬಿಟ್ಟಿದ್ದೇನೆ. ಪುಸ್ತಕದಲ್ಲಿ ಪ್ರತಿ ಪ್ರಾಣಿಯ ಏಟಿಗೂ ಸರಾಸರಿ ಅಂಕಿ ಕೊಟ್ಟಿರುತ್ತಾರೆ. ಗಾಬ್ಲಿನ್‌ಗೆ 5. ಕ್ರಿಟಿಕಲ್ ಆದರೆ ಮಾತ್ರ ದಾಳ ಹಾಕುತ್ತೇನೆ. 8 ಇರುವ ವಿಝರ್ಡ್ ಮಾಮೂಲಿ ಏಟು ಒಂದು ತಿಂದರೆ 3ಕ್ಕೆ ಇಳಿಯುತ್ತಾನೆ, ಇನ್ನೊಂದಕ್ಕೆ ಬೀಳುತ್ತಾನೆ. ಆ ಎರಡು ಏಟಿನ ನಡುವೆ ಅವನಿಗೆ ಒಂದು ಸರದಿ ಸಿಗುವ ಸಾಧ್ಯತೆ ಹೆಚ್ಚು. ಹಿಂದೆ ಸರಿಯಲೋ, ಮರದ ಮರೆಗೆ ಹೋಗಲೋ, ಸ್ಲೀಪ್ ಮಂತ್ರ ಹಾಕಲೋ ಅನ್ನುವ ತೀರ್ಮಾನ ಅವನದು. ಆಟವೂ ಬೇಗ ಸಾಗುತ್ತದೆ.

ಸ್ಲೀಪ್ ಅಂದ ಮೇಲೆ ಒಂದು ಮಾತು. 2014ರ ನಿಯಮದಲ್ಲಿ ಅದು ಎಂಟು ಮುಖದ ಐದು ದಾಳದಷ್ಟು ಹಿಟ್ ಪಾಯಿಂಟ್ ಇರುವವರನ್ನು ಮಲಗಿಸುತ್ತದೆ, ಸರಾಸರಿ 22. ಗಾಬ್ಲಿನ್‌ಗೆ 7 ಹಿಟ್ ಪಾಯಿಂಟ್. ಒಂದೇ ಮಂತ್ರಕ್ಕೆ ಮೂರು ಗಾಬ್ಲಿನ್ ನಿದ್ದೆ! ಅಷ್ಟು ಮೆದುವಾದ ವಿಝರ್ಡ್‌ನನ್ನು ಗುಂಪು ಯಾಕೆ ಜೋಪಾನ ಮಾಡಬೇಕು ಅಂತ ಹೊಸಬರಿಗೆ ಆಗ ಗೊತ್ತಾಗುತ್ತದೆ.

ಎದುರಾಳಿಗಳ ಸಂಖ್ಯೆಯಲ್ಲಿ ನಾನು ಬಹಳ ಬಿಗಿ. ನಾಲ್ಕು ಗಾಬ್ಲಿನ್ ಅಂದರೆ ಸುಮ್ನೆ ಶುರುವಿಗೆ ಅಂತ ಅನಿಸುತ್ತದೆ, ಅಲ್ವಾ? ಪುಸ್ತಕದ್ದೇ ಲೆಕ್ಕ ಹಾಕಿ. ಒಂದಕ್ಕೆ 50 ಎಕ್ಸ್‌ಪಿ (ಅನುಭವದ ಅಂಕ), ನಾಲ್ಕಕ್ಕೆ 200. ಮೂರರಿಂದ ಆರು ಎದುರಾಳಿ ಇದ್ದರೆ ಅದರ ಎರಡರಷ್ಟು, ಅಂದರೆ 400. ನಾಲ್ಕು ಜನರ ಲೆವೆಲ್ 1 ಗುಂಪಿಗೆ ‘ಡೆಡ್ಲಿ’, ಅಂದರೆ ಸಾವಿನ ಅಪಾಯ ಇರುವ ಫೈಟ್, ಶುರುವಾಗುವುದೇ 400ಕ್ಕೆ. ಅವು ಪೊದೆಯ ಹಿಂದಿನಿಂದ ಬಿಲ್ಲು ಹಿಡಿದು ಒಬ್ಬನಿಗೇ ಗುರಿಯಿಟ್ಟರೆ ಇನ್ನೂ ಕೆಟ್ಟದ್ದು. ನಾನು ಎರಡರಿಂದ ಶುರು ಮಾಡುತ್ತೇನೆ. ಮೂರನೆಯದು ಎರಡನೇ ರೌಂಡ್‌ನಲ್ಲಿ (ಎಲ್ಲರ ಒಂದೊಂದು ಸರದಿ ಸೇರಿ ಒಂದು ರೌಂಡ್) ಕೂಗುತ್ತ ಬರುತ್ತದೆ. ಆ ಕೂಗು ಒಂದು ರೌಂಡ್ ಮೊದಲೇ ಕಾಡಿನ ಒಳಗಿಂದ ಕೇಳಿಸಿರುತ್ತದೆ.

ಮೊದಲೇ ಕೇಳಿಸುವುದು, ಕಾಣಿಸುವುದು, ಮೂಗಿಗೆ ಬಡಿಯುವುದು ನನಗೆ ಬಹಳ ಮುಖ್ಯ. ಎದುರಿಗೆ ಎಷ್ಟು ಜನ, ಏನು ಹಿಡಿದಿದ್ದಾರೆ, ಯಾವ ಕಡೆ ದಾರಿ ಇದೆ ಅನ್ನುವುದನ್ನು ಫೈಟ್‌ಗೆ ಮುಂಚೆ ಹೇಳಿಬಿಡುತ್ತೇನೆ. ಅದನ್ನು ತಿಳಿಯಲು ದಾಳ ಹಾಕಿಸುವುದಿಲ್ಲ. ಒಮ್ಮೆ ಒಂದು ಹಳ್ಳದ ಸೇತುವೆ ಇತ್ತು. ಆಚೆ ಬದಿಯಲ್ಲಿ ಬೆಂಕಿ, ಸುತ್ತ ಮೂರು ಗಾಬ್ಲಿನ್, ಅವರ ನಡುವೆ ಬಗ್‌ಬೇರ್ ಅನ್ನುವ ಒಂದು ದೊಡ್ಡ ರಾಕ್ಷಸ ಮಲಗಿದೆ, ತಲೆಯ ಹತ್ತಿರ ಮುಳ್ಳುಗದೆ.

“ಗುರು, ಆ ದಪ್ಪದು ಏಳುತ್ತಾ?” ಅಂತ ಒಬ್ಬ ಕೇಳಿದ.

“ಗೊರಕೆ ಜೋರಾಗಿದೆ. ಸದ್ದಾದರೆ ಏಳುತ್ತೆ” ಅಂದೆ.

“ಬೇಡ ಕಣ್ರೋ, ಕೆಳಗಿಂದ ಹೋಗೋಣ” ಅಂದಳು ರೋಗ್ (ಕಳ್ಳಿ) ಪಾತ್ರ ಆಡುತ್ತಿದ್ದವಳು.

ಅರ್ಧ ಗಂಟೆ ಅದೇ ಚರ್ಚೆ. ಹಗ್ಗ ಎಷ್ಟು ಉದ್ದ ಇದೆ, ನೀರು ಎಷ್ಟು ಆಳ, ಫೈಟರ್‌ನ ಕಬ್ಬಿಣದ ಅಂಗಿ ಸದ್ದು ಮಾಡುತ್ತಾ. ಒಂದು ದಾಳವೂ ಬೀಳದೆ ಎಲ್ಲರ ಕೈ ಬೆವರಿತ್ತು. ಬಗ್‌ಬೇರ್‌ನ ಗದೆಗೆ ಎಂಟು ಮುಖದ ದಾಳ ಎರಡು, ಜೊತೆಗೆ 2. ಅದು ಎದ್ದಿದ್ದರೆ ಮೊದಲ ಏಟಿಗೇ ಒಬ್ಬರು ಬೀಳುವ ಸಾಧ್ಯತೆ ದೊಡ್ಡದಿತ್ತು. ನೋಡಿ ಬಿಟ್ಟುಹೋಗಬಹುದಾದ ಅಪಾಯ ಎಷ್ಟು ದೊಡ್ಡದಿದ್ದರೂ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಕಾಣದೆ ಬಂದು ಬೀಳುವ ಅಪಾಯವನ್ನು ಮಾತ್ರ ಚಿಕ್ಕದಾಗಿ ಇಡುತ್ತೇನೆ.

ಇನ್ನು ವೇಗದ ವಿಷಯ. ಲೆವೆಲ್ 1ರ ಫೈಟ್ ಮೂರು ರೌಂಡ್‌ಗಿಂತ ಹೆಚ್ಚು ಎಳೆಯಬಾರದು. ಆಟದ ಒಳಗೆ ಒಂದು ರೌಂಡ್ 6 ಸೆಕೆಂಡ್. ಮೇಜಿನ ಮೇಲೆ ಹೊಸಬರ ಒಂದು ರೌಂಡ್ ಕಾಲು ಗಂಟೆ ತಿನ್ನುವುದು ಸುಲಭ. ಒಬ್ಬರ ಸರದಿ ನಡೆಯುವಾಗಲೇ ಮುಂದಿನವರ ಹೆಸರು ಕರೆದು ರೆಡಿ ಇರಲು ಹೇಳುತ್ತೇನೆ. ಆಟಗಾರರಿಂದ ಹೊಡೆತ ತಾಗಿತೋ ಅಂತ ನೋಡುವ ದಾಳ, ಏಟಿನ ದಾಳ ಎರಡನ್ನೂ ಒಟ್ಟಿಗೆ ಹಾಕಿಸುತ್ತೇನೆ. ಎಲ್ಲ ಗಾಬ್ಲಿನ್‌ಗಳಿಗೂ ಒಂದೇ ಇನಿಶಿಯೇಟಿವ್ (ಸರದಿಯ ಕ್ರಮ).

ಆದರೆ ಫೈಟ್ ನಿಜವಾಗಿ ಚಿಕ್ಕದಾಗುವುದು ಎದುರಾಳಿಗಳು ಓಡಿದಾಗ. 1981ರ ಬೇಸಿಕ್ ಆವೃತ್ತಿಯಲ್ಲಿ ಇದಕ್ಕೆ ಮೊರಾಲ್ (ಧೈರ್ಯ) ಅಂತ ಒಂದು ನಿಯಮ ಇತ್ತು. ಗುಂಪಿನಲ್ಲಿ ಮೊದಲನೆಯವನು ಸತ್ತಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ, ಆರು ಮುಖದ ಎರಡು ದಾಳ ಹಾಕಬೇಕು. ಗಾಬ್ಲಿನ್‌ಗೆ ಮೊರಾಲ್ 7. ಅದಕ್ಕಿಂತ ಮೇಲೆ ಬಿದ್ದರೆ ಓಟ ಅಥವಾ ಶರಣು. ಅಂದರೆ ಪ್ರತಿ ಸಲ ಸುಮಾರು 42% ಸಾಧ್ಯತೆ. ಈ ನಿಯಮವನ್ನು ನಾನು ಹಾಗೇ ತಂದು ಇಟ್ಟುಕೊಂಡಿದ್ದೇನೆ. ಕೊನೆಯ ಗಾಬ್ಲಿನ್‌ನ ಕೊನೆಯ ಹಿಟ್ ಪಾಯಿಂಟ್‌ವರೆಗೆ ದಾಳ ಕುಟ್ಟುವ ಬೇಸರ ಹೋಯಿತು. ಸಿಕ್ಕಿಬಿದ್ದ ಗಾಬ್ಲಿನ್ ಜೊತೆ ಮಾತು ಶುರುವಾಗುತ್ತದೆ. ಅದಕ್ಕೆ ಊಟ ಕೊಟ್ಟು ದಾರಿ ಕೇಳುತ್ತಾರೆ.

ಆಟಗಾರರು ಓಡುವುದು ಇಷ್ಟು ಸುಲಭ ಇಲ್ಲ. ಐದನೇ ಆವೃತ್ತಿಯಲ್ಲಿ ಗಾಬ್ಲಿನ್‌ನ ವೇಗವೂ 30 ಅಡಿ, ಮನುಷ್ಯನದೂ 30 ಅಡಿ. ಬೆನ್ನು ತಿರುಗಿಸಿದರೆ ಇನ್ನೊಂದು ಏಟು. ಹಾಗಾಗಿ ಹೊಸಬರು ಸಾಯುವವರೆಗೆ ನಿಂತೇ ಇರುತ್ತಾರೆ. ನನ್ನ ಮೇಜಿನಲ್ಲಿ ಎಲ್ಲರೂ ಒಪ್ಪಿ “ಓಡೋಣ” ಅಂದರೆ ಇನಿಶಿಯೇಟಿವ್ ಅಲ್ಲಿಗೇ ನಿಲ್ಲುತ್ತದೆ. ಏನನ್ನಾದರೂ ಬಿಟ್ಟು ಹೋಗಬೇಕು: ಬುದ್ಧಿಯಿಲ್ಲದ ಪ್ರಾಣಿಗೆ ಆಹಾರ, ಬುದ್ಧಿ ಇರುವವರಿಗೆ ಹಣ. ಆರು ಮುಖದ ದಾಳದಲ್ಲಿ 1ರಿಂದ 3 ಬಿದ್ದರೆ ಅವರು ಬೆನ್ನಟ್ಟುವುದನ್ನು ಬಿಡುತ್ತಾರೆ. ಇದೂ ಬೇಸಿಕ್ ಕಾಲದ್ದೇ. ಇದನ್ನು ಆಟ ಶುರುವಾಗುವ ಮುಂಚೆಯೇ ಹೇಳಿರಬೇಕು. ಓಡಬಹುದು ಅಂತ ಗೊತ್ತಿಲ್ಲದವರು ಓಡುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಪಾತ್ರಗಳು ಸಾಯುತ್ತವೆ, ಸಾಯಬೇಕು ಕೂಡ. ಸಾವು ಎಷ್ಟು ಭಾರ ಅನ್ನುವುದು ಹೊಸ ಪಾತ್ರ ಮಾಡಲು ಎಷ್ಟು ಹೊತ್ತು ಬೇಕು ಅನ್ನುವುದರ ಮೇಲೆ ನಿಂತಿದೆ. ಬೇಸಿಕ್‌ನಲ್ಲಿ ಮ್ಯಾಜಿಕ್ ಯೂಸರ್‌ಗೆ (ಅಲ್ಲಿನ ಮಂತ್ರವಾದಿಗೆ) ನಾಲ್ಕು ಮುಖದ ಒಂದು ದಾಳದಷ್ಟೇ ಹಿಟ್ ಪಾಯಿಂಟ್, ಸೊನ್ನೆ ಅಂದರೆ ಸತ್ತ. ಆದರೆ ಹತ್ತು ನಿಮಿಷದಲ್ಲಿ ಹೊಸ ಪಾತ್ರ ರೆಡಿ. 2012ರ ಡಂಜನ್ ಕ್ರಾಲ್ ಕ್ಲಾಸಿಕ್ಸ್ ಅನ್ನುವ ಇನ್ನೊಂದು ಆಟ ಇನ್ನೂ ಮುಂದೆ ಹೋಗಿ, ಒಬ್ಬೊಬ್ಬರಿಗೂ ಎರಡರಿಂದ ನಾಲ್ಕು ಹಳ್ಳಿಯ ಜನರನ್ನು ಕೊಟ್ಟು, ಉಳಿದವರನ್ನು ನಾಯಕರಾಗಿ ಮಾಡಿಕೊಳ್ಳಿ ಅನ್ನುತ್ತದೆ. 2008ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಾಲ್ಕನೇ ಆವೃತ್ತಿ ಇದಕ್ಕೆ ಪೂರ್ತಿ ಉಲ್ಟಾ: ಅಲ್ಲಿ ನಮ್ಮ ವಿಝರ್ಡ್‌ಗೆ ಶುರುವಿಗೇ 24 ಹಿಟ್ ಪಾಯಿಂಟ್. ಅದನ್ನು ಆಡಿಸಿದಾಗ ಸಾವಿನ ಹೆದರಿಕೆ ಕಡಿಮೆಯಾಯಿತು, ಆದರೆ ಫೈಟ್‌ಗಳು ಎಳೆದವು. ಐದನೇ ಆವೃತ್ತಿ ಎರಡರ ನಡುವೆ ಇದೆ: ಪಾತ್ರ ಮಾಡಲು ಹೊತ್ತು ಬೇಕು, ಸಾಯಲು ಹೊತ್ತು ಬೇಡ. ಅದಕ್ಕೇ ಪ್ರತಿ ಆಟಕ್ಕೂ ಎರಡು ಪಾತ್ರಗಳನ್ನು ಬರೆದು ತಂದಿರುತ್ತೇನೆ. ಗುಹೆಯಲ್ಲಿ ಕಟ್ಟಿಹಾಕಿದ ಕೈದಿ, ದಾರಿ ತಪ್ಪಿದ ವ್ಯಾಪಾರಿಯ ಕಾವಲುಗಾರ, ಹೀಗೆ. ಪಾತ್ರ ಕಳೆದುಕೊಂಡವರು ಮುಂದಿನ ಕೋಣೆಯಲ್ಲೇ ಆಟಕ್ಕೆ ಮರಳುತ್ತಾರೆ.

ಲೆವೆಲ್ 2ಕ್ಕೆ ಬೇಕಿರುವುದು 300 ಎಕ್ಸ್‌ಪಿ. ಅದನ್ನು ನಾನು ತಡ ಮಾಡುವುದಿಲ್ಲ, ಮಾತಾಡಿ ದಾಟಿದ ಅಪಾಯಕ್ಕೂ ಪೂರ್ತಿ ಎಕ್ಸ್‌ಪಿ ಕೊಡುತ್ತೇನೆ. ನಮ್ಮ ವಿಝರ್ಡ್‌ಗೆ ಆಗ 14 ಹಿಟ್ ಪಾಯಿಂಟ್, ಸ್ಥಳದಲ್ಲೇ ಸಾಯುವ ಗೆರೆ 28. ಗ್ರೇಟ್‌ಆಕ್ಸ್‌ನ ಕ್ರಿಟಿಕಲ್ ಹೆಚ್ಚೆಂದರೆ 27. ಗಾಯವಾಗದೆ ಫೈಟ್‌ಗೆ ಇಳಿದರೆ ಒಂದೇ ಏಟಿಗೆ ಸಾಯುವುದಿಲ್ಲ. ಅಲ್ಲಿಂದ ಮುಂದೆ ಓರ್ಕ್‌ಗಳ ಕೈಗೆ ಗ್ರೇಟ್‌ಆಕ್ಸ್ ಕೊಡುತ್ತೇನೆ.