ವೆನಿಲ್ಲಾ ಕೋಡಿಗೆ ಕಂಬಳಿ ಹೊದಿಸಿ

ಹೂವು ಅರಳಿದ ಬೆಳಿಗ್ಗೆಯೇ ಕಡ್ಡಿ ಹಿಡಿದು ಪರಾಗ ಮುಟ್ಟಿಸಿ, ಎಂಟೊಂಬತ್ತು ತಿಂಗಳು ಬಳ್ಳಿಯನ್ನು ಕಾದು, ಕೊನೆಗೆ ಕೊಯ್ದ ಕೋಡುಗಳನ್ನು ನೇರವಾಗಿ ಬಿಸಿಲಿಗೆ ಹರಡಿ ಹಾಳು ಮಾಡಿಕೊಂಡವರನ್ನು ಸಾಕಷ್ಟು ನೋಡಿದ್ದೇನೆ. ಮೊದಲ ವರ್ಷ ನಾನೂ ಅದನ್ನೇ ಮಾಡಿದ್ದೆ. ಸಿಕ್ಕಿದ್ದು ಒಣಹುಲ್ಲಿನ ವಾಸನೆಯ ಒಂದು ಹಿಡಿ ಕಪ್ಪು ಕಡ್ಡಿ.

ಹಸಿ ಕೋಡನ್ನು ಎಷ್ಟು ಮೂಸಿದರೂ ವೆನಿಲ್ಲಾದ ಪರಿಮಳ ಬರುವುದಿಲ್ಲ. ಪರಿಮಳ ಕೊಡುವ ವೆನಿಲಿನ್ ಅದರಲ್ಲಿ ಸಕ್ಕರೆಯ ಕಣಕ್ಕೆ ಅಂಟಿಕೊಂಡು ಕುಳಿತಿರುತ್ತದೆ. ಕೋಡಿನಲ್ಲೇ ಇರುವ ಕಿಣ್ವವೊಂದು ಆ ಗಂಟನ್ನು ಬಿಡಿಸಬೇಕು. ಅದಕ್ಕೆ ಬಿಸಿಯೂ ತೇವವೂ ಒಟ್ಟಿಗೆ ಬೇಕು, ಸಾಕಷ್ಟು ಸಮಯವೂ ಬೇಕು. ಅವಸರದಲ್ಲಿ ನೀರಾರಿಸಿಬಿಟ್ಟರೆ ಕಿಣ್ವ ಕೆಲಸ ಶುರು ಮಾಡುವ ಮೊದಲೇ ಕೋಡು ಕಡ್ಡಿಯಾಗಿರುತ್ತದೆ.

ಕೊಯ್ಲು ಸುಲಭ. ತುದಿ ಹಳದಿಗೆ ತಿರುಗಿದ ಕೋಡುಗಳನ್ನು ಮಾತ್ರ ಒಂದೊಂದಾಗಿ ಕೀಳಿ, ತೊಳೆಯಿರಿ, ಉದ್ದದ್ದು ಗಿಡ್ಡದ್ದು ಬೇರೆ ಮಾಡಿ. ಇಡೀ ಗೊಂಚಲನ್ನು ಒಮ್ಮೆಗೇ ಕತ್ತರಿಸಬೇಡಿ. ತೂಕವನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಬಿಸಿನೀರು. 63ರಿಂದ 65 ಡಿಗ್ರಿ ಸೆಲ್ಸಿಯಸ್ ಇರುವ ನೀರಿನಲ್ಲಿ ಉದ್ದನೆಯ ಕೋಡುಗಳನ್ನು ಮೂರು ನಿಮಿಷ, ಗಿಡ್ಡವನ್ನು ಎರಡು ನಿಮಿಷ ಮುಳುಗಿಸಿ. ಇದಕ್ಕೆ ಬೂರ್ಬೋನ್ ವಿಧಾನವೆಂದು ಹೆಸರು. ಅದು ಇಂದಿನ ರಿಯೂನಿಯನ್ ದ್ವೀಪದ ಹಳೆಯ ಹೆಸರು. 1841ರಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ, ನಾವು ಇಂದಿಗೂ ಬಳಸುವ ಪರಾಗಸ್ಪರ್ಶದ ಉಪಾಯವನ್ನು ಕಂಡುಕೊಂಡದ್ದೂ ಅಲ್ಲಿಯೇ. ಕುದಿಯುವ ನೀರು ಬೇಡ, ಕಿಣ್ವವೇ ಸತ್ತುಹೋಗುತ್ತದೆ. ಕೈಯದ್ದಿ ಶಾಖ ಅಂದಾಜು ಮಾಡುವವರ ಮಾತು ಕೇಳಬೇಡಿ. ಜ್ವರ ನೋಡುವ ಥರ್ಮಾಮೀಟರು 42 ಡಿಗ್ರಿಗೇ ನಿಲ್ಲುತ್ತದೆ. ದೂರದಿಂದ ಗುರಿಯಿಟ್ಟು ಒತ್ತುವ ಸಾಧನ ನೀರಿನ ಮೇಲ್ಮೈಯನ್ನಷ್ಟೇ ಅಳೆಯುತ್ತದೆ. ನೀರಿನೊಳಗೆ ಇಳಿಸುವ ಕಡ್ಡಿಯ ಥರ್ಮಾಮೀಟರನ್ನೇ ಕೊಳ್ಳಿ. ಪಾತ್ರೆ ದೊಡ್ಡದಿರಲಿ, ನೀರು ಕಡಿಮೆಯಿದ್ದರೆ ಕೋಡು ಬಿದ್ದ ಕೂಡಲೇ ಶಾಖ ಇಳಿಯುತ್ತದೆ.

ಇನ್ನು ಬೆವರಿಸುವುದು. ಕೆಡುವುದೆಲ್ಲ ಇಲ್ಲಿಯೇ. ನೀರಿನಿಂದ ತೆಗೆದ ಕೋಡುಗಳನ್ನು ಜಾಲರಿಯಲ್ಲಿ ಒಮ್ಮೆ ಕೊಡವಿ, ಬಿಸಿ ಆರುವ ಮೊದಲೇ ದಪ್ಪ ಉಣ್ಣೆಯ ಕಂಬಳಿಯಲ್ಲಿ ಸುತ್ತಿ ಮುಚ್ಚಳವಿರುವ ಪೆಟ್ಟಿಗೆಯೊಳಗೆ ಇಡಬೇಕು. ಪೆಟ್ಟಿಗೆ ಥರ್ಮೋಕೋಲಿನದಾದರೆ ಒಳ್ಳೆಯದು. ಜನ ಇಲ್ಲಿ ಫೋಟೊ ತೆಗೆಯಲು ನಿಂತುಬಿಡುತ್ತಾರೆ. ಅಷ್ಟರಲ್ಲಿ ಕೋಡು ತಣ್ಣಗಾಗಿರುತ್ತದೆ. ನಾನು ಕಂಬಳಿಯನ್ನೂ ಪೆಟ್ಟಿಗೆಯನ್ನೂ ಬೆಳಿಗ್ಗೆಯಿಂದಲೇ ಬಿಸಿಲಿಗಿಟ್ಟು ಬೆಚ್ಚಗೆ ಮಾಡಿಕೊಂಡಿರುತ್ತೇನೆ. ಕಂಬಳಿ ಉಣ್ಣೆಯದೇ ಆಗಬೇಕು. ಉಣ್ಣೆ ಬೆವರನ್ನು ಹೀರಿಕೊಳ್ಳುತ್ತದೆ. ನುಣುಪಾದ ಸಿಂಥೆಟಿಕ್ ಹೊದಿಕೆಯಲ್ಲಿ ನೀರು ಕೋಡಿನ ಮೇಲೆಯೇ ನಿಲ್ಲುತ್ತದೆ. ಪ್ಲಾಸ್ಟಿಕ್ ಚೀಲದ ಮಾತಂತೂ ಎತ್ತಲೇಬೇಡಿ.

ಮನೆಯಲ್ಲಿ ಬೆಳೆದವರಿಗೆ ಇನ್ನೊಂದು ತೊಡಕು ಇದೆ. ದೊಡ್ಡ ರಾಶಿ ತನ್ನ ಬಿಸಿಯನ್ನು ತಾನೇ ಕಾಪಾಡಿಕೊಳ್ಳುತ್ತದೆ, ಮೂವತ್ತು ಕೋಡುಗಳಿಗೆ ಅದು ಸಾಧ್ಯವಿಲ್ಲ. ಹಾಗಾಗಿ ಬಿಸಿನೀರು ತುಂಬಿದ ಎರಡು ಬಾಟಲಿಗಳನ್ನು ಕಂಬಳಿಯ ಪಕ್ಕದಲ್ಲಿಟ್ಟು, ಆರಾರು ಗಂಟೆಗೊಮ್ಮೆ ನೀರು ಬದಲಿಸಿ. ಪೆಟ್ಟಿಗೆಯೊಳಗೆ ಸುಮಾರು 45ರಿಂದ 50 ಡಿಗ್ರಿ ಉಳಿಯಬೇಕು. ಬಾಟಲಿ ಬದಲಿಸುವಾಗ ಕಂಬಳಿ ಬಿಚ್ಚಿ ಇಣುಕುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಒಂದು ದಿನ ಕಳೆದ ಮೇಲೆ ಬಿಚ್ಚಿ. ಹಸಿರು ಹೋಗಿ ಕಂದು ಬಣ್ಣ ತಿರುಗಿರುತ್ತದೆ. ಎರಡನೆಯ ದಿನ ಮುಗಿಯುವಷ್ಟರಲ್ಲಿ ಚಾಕಲೇಟಿನ ಬಣ್ಣ ಬಂದು ಮೊದಲ ಪರಿಮಳ ಮೂಗಿಗೆ ತಾಗುತ್ತದೆ. ಅಲ್ಲಲ್ಲಿ ಹಸಿರು ಮಚ್ಚೆ ಉಳಿದಿದ್ದರೆ ಮತ್ತೆ ನೀರಿಗೆ ಹಾಕಬೇಡಿ, ಇನ್ನಷ್ಟು ಹೊತ್ತು ಬೆಚ್ಚಗಿಡಿ. ಲೋಳೆಯಾಗಿ ಕೊಳೆತ ವಾಸನೆ ಬಂದದ್ದನ್ನು ಎಸೆಯಿರಿ. ಒಂದು ಕೊಳೆತರೆ ಪಕ್ಕದ್ದಕ್ಕೂ ಹತ್ತುತ್ತದೆ.

ಮುಂದಿನ ಏಳರಿಂದ ಹತ್ತು ದಿನ, ನಡುಹಗಲ ಬಿಸಿಲಿನಲ್ಲಿ ಎರಡು ಮೂರು ಗಂಟೆ ಅದೇ ಕಂಬಳಿಯ ಮೇಲೆ ಹರಡಿ. ಕಪ್ಪು ಕಂಬಳಿಯಾದರೆ ಬೇಗ ಕಾಯುತ್ತದೆ. ಮುಟ್ಟಿದರೆ ಬಿಸಿ ತಾಗುವಾಗಲೇ ಸುತ್ತಿ ಪೆಟ್ಟಿಗೆಗೆ ಸೇರಿಸಿ, ಮರುದಿನದವರೆಗೆ ಬಿಡಿ. ಬಿಸಿಲಿಗಿಂತ ಈ ಸುತ್ತಿಡುವಿಕೆಯೇ ಮುಖ್ಯ. ಸಂಜೆಯವರೆಗೆ ಬಿಟ್ಟು ತಣ್ಣಗಾದ ಮೇಲೆ ಒಳಗೆ ತಂದರೆ ದಿನವಿಡೀ ಮಾಡಿದ್ದು ವ್ಯರ್ಥ. ಮೋಡದ ದಿನಕ್ಕೆ ಒವನ್ ನಡೆಯುತ್ತದೆಯೇ ಎಂದು ಕೇಳುತ್ತಾರೆ. 50 ಡಿಗ್ರಿಯಲ್ಲಿ ನಿಲ್ಲುವ ಒವನ್ ಆದರೆ ಸರಿ, ಹೆಚ್ಚಿನವು ನಿಲ್ಲುವುದಿಲ್ಲ. ಎರಡೇ ದಿನದಲ್ಲಿ ಮುಗಿಸುತ್ತೇವೆಂದು ಹೇಳಿಕೊಳ್ಳುವ ಒಣಗಿಸುವ ಯಂತ್ರಗಳು ನೀರನ್ನು ತೆಗೆಯುತ್ತವೆ, ಅಷ್ಟೇ. ಮೈಕ್ರೊವೇವ್ ಬಗ್ಗೆ ನನ್ನನ್ನು ಕೇಳಬೇಡಿ.

ಆಮೇಲೆ ಗಾಳಿಯಾಡುವ ನೆರಳಿನಲ್ಲಿ ಜಾಲರಿಯ ಮೇಲೆ ಮೂರು ನಾಲ್ಕು ವಾರ, ದಿನಕ್ಕೊಮ್ಮೆ ಮಗುಚುತ್ತಾ. ಬೆರಳಿಗೆ ಸುತ್ತಿದರೆ ಮುರಿಯದೆ ಬಳುಕಬೇಕು, ಎಣ್ಣೆ ಸವರಿದಂತೆ ಹೊಳೆಯಬೇಕು. ಆರಂಭದಲ್ಲಿ ಬರೆದಿಟ್ಟ ತೂಕ ಈಗ ಕೆಲಸಕ್ಕೆ ಬರುತ್ತದೆ: 600 ಗ್ರಾಂ ಹಸಿ ಕೋಡು ಸುಮಾರು 100ರಿಂದ 120 ಗ್ರಾಂಗೆ ಇಳಿದರೆ ಸಾಕು. ಒಳಗೆ ಇನ್ನೂ ನಾಲ್ಕನೆಯ ಒಂದು ಪಾಲಿನಷ್ಟು ತೇವ ಇರುತ್ತದೆ, ಇರಲೇಬೇಕು.

ಕೊನೆಗೆ ಒಂದೇ ಅಳತೆಯ ಕೋಡುಗಳನ್ನು ಹತ್ತಿಯ ದಾರದಿಂದ ಕಟ್ಟಿ, ಬಟರ್ ಪೇಪರಿನಲ್ಲಿ ಸುತ್ತಿ, ಗಾಜಿನ ಜಾಡಿಯಲ್ಲಿ ಕತ್ತಲಲ್ಲಿಡಿ. ಎರಡು ತಿಂಗಳಿಗೆ ಬಳಸಬಹುದು ಎನ್ನುತ್ತಾರೆ. ನಾನು ಮೂರು ತಿಂಗಳಾಗುವವರೆಗೆ ಮುಟ್ಟುವುದಿಲ್ಲ. ತೇವ ಹೀರುವ ಸಿಲಿಕಾ ಪೊಟ್ಟಣವನ್ನು ಜಾಡಿಗೆ ಹಾಕಬೇಡಿ, ಇಷ್ಟು ಕಷ್ಟಪಟ್ಟು ಉಳಿಸಿದ ತೇವವನ್ನು ಅದು ಕುಡಿದುಬಿಡುತ್ತದೆ.

ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ. ಕೋಡಿನ ಮೇಲೆ ಬಿಳಿ ಕಂಡರೆ ಗಾಬರಿಯಾಗುವ ಮೊದಲು ಬೆಳಕಿಗೆ ಹಿಡಿಯಿರಿ. ಸೂಜಿಯಂತೆ ಮಿನುಗಿದರೆ ಅದು ವೆನಿಲಿನ್ನಿನ ಹರಳು, ಒರೆಸಬೇಡಿ. ಹತ್ತಿಯಂತೆ ಮಂಕಾಗಿ ಹಬ್ಬಿದ್ದರೆ ಬೂಷ್ಟು. ಆ ಕೋಡನ್ನು ಎಸೆದು, ಕಟ್ಟು ಬಿಚ್ಚಿ ಉಳಿದವನ್ನು ಎರಡು ದಿನ ನೆರಳಿನಲ್ಲಿ ಹರಡಿ. ಜಾಡಿಯನ್ನು ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿದ ಮೇಲೆ ಮತ್ತೆ ತುಂಬಿ.