ಬೋರ್‌ವೆಲ್ ನೀರು ಹಾಕೋ ಪಾಟ್ ಗಿಡಗಳಿಗೆ ಹುಳಿ-ಸುಣ್ಣದ ಲೆಕ್ಕ

ಮೊದ್ಲು ಪಾಟ್ ಹತ್ರ ಹೋಗಿ ಮಣ್ಣಿನ ಮೇಲೆ, ಪಾಟ್‌ನ ಅಂಚಲ್ಲಿ ಬೆಳ್ಳಗೆ ಪದರ ಏನಾದ್ರೂ ಕಟ್ಟಿದ್ಯಾ ನೋಡಿ. ಇದ್ರೆ ಅದರ ಮೇಲೆ ನಿಂಬೆರಸ ಎರಡು ಹನಿ ಬಿಡಿ, ಸಣ್ಣಗೆ ನೊರೆ ಬಂದ್ರೆ ಅದು ಸುಣ್ಣದಂಶ, ಗೀಸರ್ ಕಾಯಿಲ್ ಮೇಲೆ, ನಲ್ಲಿ ಬಾಯಲ್ಲಿ, ಬಕೆಟ್ ಒಳಗಡೆ ಕಟ್ಟೋದೂ ಅದೇ. ನೊರೆ ಬರದಿದ್ರೆ ಗೊಬ್ಬರದ ಉಪ್ಪಿರಬಹುದು, ಅದರ ದಾರಿ ಬೇರೆ. ನೊರೆ ಬಂತು, ಜೊತೆಗೆ ಗಿಡದ ತುದೀಲಿರೋ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದೆ ಅಂದ್ರೆ ದಯವಿಟ್ಟು ಗೊಬ್ಬರದ ಅಂಗಡಿಗೆ ಓಡ್ಬೇಡಿ, ನೀವು ದಿನಾ ಹಾಕ್ತಿರೋ ನೀರನ್ನ ನೋಡಿ. ಕೆಳಗಡೆ ಹಳೇ ಎಲೆ ಪೂರ್ತಿ ಹಳದಿಯಾಗಿ ಉದುರಿದ್ರೆ ಅದು ಸಾರಜನಕದ ಕೊರತೆ ಇರಬಹುದು, ಇದು ಹಾಗಲ್ಲ, ಇದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇರತ್ತೆ, ಆದ್ರೆ ಪಿಎಚ್ (ಹುಳಿ-ಸುಣ್ಣದ ಅಳತೆ, 7 ಅಂದ್ರೆ ನಡುಮಟ್ಟ, ಅದಕ್ಕಿಂತ ಕಮ್ಮಿ ಇದ್ರೆ ಹುಳಿ, ಜಾಸ್ತಿ ಇದ್ರೆ ಸುಣ್ಣದ ಕಡೆ) 7 ದಾಟ್ತಾ ಹೋದ ಹಾಗೆ ಬೇರಿಗೆ ಅದು ಸಿಗಲ್ಲ. ಹಂಗಾಗಿ ಎಷ್ಟು ಗೊಬ್ಬರ ಸುರಿದ್ರೂ ಗಿಡ ಹಸಿದೇ ಇರತ್ತೆ ಪಾಪ.

ಬೆಂಗಳೂರಲ್ಲಿ ಬೋರ್‌ವೆಲ್ಲೋ ಟ್ಯಾಂಕರ್ರೋ ನಂಬಿಕೊಂಡಿರೋ ಮನೆಗಳಲ್ಲಿ ಇದು ತುಂಬಾ ಸಾಮಾನ್ಯ. ಎಲ್ರೂ ನೀರಿನ ಪಿಎಚ್ ಎಷ್ಟು ಅಂತ ಕೇಳ್ತಾರೆ, ನಾನು ಹೇಳೋದು ಅದಕ್ಕಿಂತ ಮುಖ್ಯ ನೀರಲ್ಲಿ ಕರಗಿರೋ ಬೈಕಾರ್ಬನೇಟ್, ಅಂದ್ರೆ ಮಣ್ಣನ್ನ ಸುಣ್ಣದ ಕಡೆ ಎಳೆಯೋ ಲವಣ, ಎಷ್ಟು ಅಂತ. ಕಾವೇರಿ ನೀರಿನ ಪಿಎಚ್ 8 ಹತ್ರ ಇದ್ರೂ ಅದರಲ್ಲಿ ಸುಣ್ಣದಂಶ ಕಮ್ಮಿ ಇದ್ರೆ ಮಣ್ಣಿಗೆ ಏನೂ ಆಗಲ್ಲ, ಅದೇ ಬೋರ್ ನೀರು ಪಿಎಚ್ ಪೇಪರ್‌ನಲ್ಲಿ (ಅದ್ದಿದಾಗ ಬಣ್ಣ ಬದಲಾಗಿ ಪಿಎಚ್ ತೋರಿಸೋ ಕಾಗದ) 7.5 ಅಷ್ಟೇ ತೋರಿಸಿ ಸುಮ್ನಿದ್ರೂ ದಿನಾ ಒಂದಿಷ್ಟು ಸುಣ್ಣ ತಂದು ಹಾಕ್ತಾನೇ ಇರತ್ತೆ. ನೀರು ಆವಿಯಾಗತ್ತೆ, ಗಿಡ ಕುಡಿಯತ್ತೆ, ಸುಣ್ಣ ಮಾತ್ರ ಪಾಟಲ್ಲೇ ಉಳಿಯತ್ತೆ. ನೆಲದಲ್ಲಿರೋ ಗಿಡಕ್ಕೆ ಮಳೆ ಬಂದು ತೊಳ್ಕೊಂಡು ಹೋಗತ್ತೆ, ಬಾಲ್ಕನಿ ಪಾಟ್‌ಗೆ ಮಳೆ ಎಲ್ಲಿ ಬೀಳಬೇಕು? ಕುಡಿಯೋ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹೇಳಿರೋ ಪಿಎಚ್ 6.5ರಿಂದ 8.5, ಅಂದ್ರೆ ನಮಗೆ ಕುಡಿಯೋಕೆ ಸರಿಯಿರೋ ನೀರೇ ಕೆಲವು ಗಿಡಕ್ಕೆ ಕಷ್ಟ ಅಂತ ಆಯ್ತು.

ಎಲ್ಲಾ ಗಿಡಕ್ಕೂ ಅಲ್ಲ. ದಾಸವಾಳ, ತುಳಸಿ, ಗುಲಾಬಿ, ಮಲ್ಲಿಗೆ 6ರಿಂದ 7ರೊಳಗೆ ಆರಾಮಾಗಿರ್ತವೆ, ಸ್ವಲ್ಪ ಮೇಲೆ ಹೋದ್ರೂ ತಡ್ಕೊಳ್ತವೆ. ತಡ್ಕೊಳ್ಳದೇ ಇರೋದು ಕೇಪಳ, ಅದನ್ನೇ ನರ್ಸರೀಲಿ ಇಕ್ಸೋರಾ ಅಂತಾರೆ, ಆಮೇಲೆ ಗಂಧರಾಜ, ಹೈಡ್ರೇಂಜಿಯಾ, ಅಜೇಲಿಯಾ. ಇವಕ್ಕೆ 5ರಿಂದ 6 ಬೇಕು. ಪಿಎಚ್‌ನಲ್ಲಿ ಒಂದು ಅಂಕಿ ವ್ಯತ್ಯಾಸ ಅಂದ್ರೆ ಹುಳಿಯಲ್ಲಿ ಹತ್ತು ಪಟ್ಟು ವ್ಯತ್ಯಾಸ, ಅದಕ್ಕೇ 5.5 ಬೇಕಾದ ಗಿಡ 7.5ರ ಮಣ್ಣಲ್ಲಿ ಒದ್ದಾಡೋದು. ಮಂಗಳೂರು ಕಡೆ ಗುಡ್ಡದಲ್ಲಿ ಯಾರೂ ನೋಡ್ಕೊಳ್ದೆ ಕೇಪಳ ತುಂಬಿ ಹೂ ಬಿಡತ್ತಲ್ಲ, ಅಲ್ಲಿನ ಕೆಂಪು ಮುರಕಲ್ಲು ಮಣ್ಣು ಹುಳಿ, ಮಳೆ ಜಾಸ್ತಿ, ಅದಕ್ಕೇ ಅಷ್ಟು ಚೆಂದ.

ಮಣ್ಣು ನೋಡೋದು ಮನೇಲೇ ಆಗತ್ತೆ. ಪಾಟಲ್ಲಿ ಮೇಲಿನ ಎರಡಿಂಚು ಬಿಟ್ಟು ಬೇರಿನ ಹತ್ರದ ಮಣ್ಣು ಒಂದು ಭಾಗ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಎರಡೂವರೆ ಭಾಗ ಗಾಜಿನ ಲೋಟಕ್ಕೆ ಹಾಕಿ ಚೆನ್ನಾಗಿ ಕಲಕಿ ಅರ್ಧ ಗಂಟೆ ಬಿಟ್ಟು, ಮೇಲೆ ತಿಳಿಯಾದ ನೀರಿಗೆ ಪಿಎಚ್ ಪೇಪರ್ ಅದ್ದಿ. ನಲ್ಲಿ ನೀರು ಹಾಕಿದ್ರೆ ನಲ್ಲಿ ನೀರಿನ ಗುಣನೇ ತೋರಿಸತ್ತೆ, ಪ್ರಯೋಜನ ಇಲ್ಲ. ಪೇಪರ್ ಇಲ್ವಾ, ಕೆಂಪು ದಾಸವಾಳದ ಎಸಳು ಬಿಸಿನೀರಲ್ಲಿ ನೆನೆಸಿ ಬಣ್ಣ ಬಿಡಿಸಿ, ಅದಕ್ಕೆ ಈ ಮಣ್ಣಿನ ತಿಳಿ ಸ್ವಲ್ಪ ಸೇರಿಸಿದಾಗ ಗುಲಾಬಿ ಕಡೆ ತಿರುಗಿದ್ರೆ ಹುಳಿ, ಹಸಿರು ಕಡೆ ಹೋದ್ರೆ ಸುಣ್ಣ. ಅಂಕಿ ಸಿಗಲ್ಲ, ದಿಕ್ಕು ಗೊತ್ತಾಗತ್ತೆ ಅಷ್ಟೆ. ಬ್ಯಾಟರಿ ಇಲ್ಲದ ಚುಚ್ಚೋ ಮೀಟರ್ ಬರ್ತವಲ್ಲ, ಅವನ್ನ ನಾನು ನಂಬಲ್ಲ. ಸರಿಯಾಗಿ ಬೇಕು ಅಂದ್ರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಗೆ ವಿಚಾರಿಸಿ, ಸಾಧ್ಯ ಆದ್ರೆ ನೀರೂ ತಗೊಂಡು ಹೋಗಿ.

ಇನ್ನು ಏನ್ ಮಾಡೋದು ಅಂದ್ರೆ, ಎಲ್ಲಕ್ಕಿಂತ ಒಳ್ಳೇದು ಮಳೆನೀರು. ಮೊದಲ ಹತ್ತು ನಿಮಿಷದ್ದು ತಾರಸಿ ಧೂಳು ತೊಳ್ಕೊಂಡು ಹೋಗಲಿ, ಆಮೇಲಿನದ್ದನ್ನ ಡ್ರಮ್‌ಗೆ ಹಿಡಿದು ಸೊಳ್ಳೆ ಹೋಗದ ಹಾಗೆ ಬಟ್ಟೆ ಕಟ್ಟಿ ಮುಚ್ಚಿಡಿ, ಇಕ್ಸೋರಾ ಗಂಧರಾಜಕ್ಕೆ ಮಾತ್ರ ಅಂತ ಮೀಸಲಿಡಿ, ಬೇರೆಯವಕ್ಕೆ ಬೋರ್ ನೀರೇ ಸಾಕು. ಎಸಿಯಿಂದ ಸೋರೋ ನೀರೂ ಸುಣ್ಣ ಇಲ್ಲದ ನೀರೇ, ಪೈಪ್ ಕೆಳಗೆ ಬಕೆಟ್ ಇಡಿ. ಆದ್ರೆ ಆರ್‌ಓ ಫಿಲ್ಟರ್‌ನಿಂದ ಹೊರಗೆ ಹೋಗೋ ನೀರು ಮಾತ್ರ ಪಾಟ್‌ಗೆ ಬೇಡ, ತೆಗೆದ ಉಪ್ಪೆಲ್ಲಾ ಅದರಲ್ಲೇ ಇರತ್ತೆ, ನೆಲ ಒರೆಸೋಕೆ ಇಟ್ಕೊಳ್ಳಿ. ಗಡಸು ನೀರನ್ನ ಮೆದು ಮಾಡೋ ಸಾಫ್ಟ್‌ನರ್ ಹಾಕ್ಸಿರೋ ಮನೆಯವರು ಇನ್ನೂ ಹುಷಾರು, ಆ ನೀರಲ್ಲಿ ಸುಣ್ಣದ ಬದಲು ಸೋಡಿಯಂ ಬಂದಿರತ್ತೆ, ಬೈಕಾರ್ಬನೇಟ್ ಹಂಗೇ ಇರತ್ತೆ, ಮಣ್ಣು ಗಟ್ಟಿ ಆಗಿ ನೀರು ಇಳಿಯೋದೇ ನಿಂತುಹೋಗತ್ತೆ. ಸಾಫ್ಟ್‌ನರ್‌ಗೆ ಮುಂಚಿನ ಲೈನ್‌ನಿಂದ ಒಂದು ನಲ್ಲಿ ಹಾಕಿಸ್ಕೊಳ್ಳಿ.

ಮಳೆನೀರು ಸಿಗದಿದ್ರೆ ನೀರಿಗೆ ಹುಳಿ ಬೆರೆಸೋದು. ಅಂಗಡೀಲಿ ಸಿಗೋ ನಿಂಬೆ ಉಪ್ಪು, ಅದೇ ಸಿಟ್ರಿಕ್ ಆಸಿಡ್, 10 ಲೀಟರ್ ಬಕೆಟ್‌ಗೆ ಕಾಲು ಚಮಚ ಹಾಕಿ ಕಲಸಿ, ಸ್ವಲ್ಪ ಹೊತ್ತು ಬಿಟ್ಟು ಪೇಪರ್ ಅದ್ದಿ ನೋಡಿ, 6ರಿಂದ 6.5ಕ್ಕೆ ಬರೋವರೆಗೂ ಚಿಟಿಕೆ ಚಿಟಿಕೆ ಸೇರಿಸಿ. ಒಬ್ಬೊಬ್ಬರ ಬೋರ್ ಒಂದೊಂದು ಥರ, ಅದಕ್ಕೇ ಪಕ್ಕದ ಮನೆಯವರ ಚಮಚದ ಲೆಕ್ಕ ನಿಮಗೆ ಆಗಲ್ಲ, ಪೇಪರ್ ಹೇಳಿದ್ದೇ ಲೆಕ್ಕ. ವಿನೆಗರ್ ಕೂಡ ಆಗತ್ತೆ, ಜಾಸ್ತಿ ಬೇಕಾಗತ್ತೆ. ಆದ್ರೆ ಇವೆರಡರ ಪ್ರಭಾವನೂ ಬೇಗ ಇಳಿದುಹೋಗತ್ತೆ, ಮಣ್ಣಲ್ಲಿರೋ ಸೂಕ್ಷ್ಮಜೀವಿಗಳು ಆ ಹುಳೀನ ತಿಂದುಬಿಡ್ತವೆ. ಕರಿಬೇವಿಗೆ ಹುಳಿಮಜ್ಜಿಗೆ ಹಾಕೋದು ನಮ್ಮ ಮನೆಗಳಲ್ಲಿ ಹಿಂದಿನಿಂದ ಇದೆ, ಉಪ್ಪು ಒಗ್ಗರಣೆ ಏನೂ ಇಲ್ಲದ್ದು ಒಂದು ಲೋಟಕ್ಕೆ ಐದಾರು ಲೋಟ ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಹಾಕಿ, ಒಳ್ಳೇದೇ, ಆದ್ರೆ ಗಡಸು ನೀರಿನ ಸಮಸ್ಯೆ ಅದೊಂದರಿಂದ ಹೋಗತ್ತೆ ಅಂತ ಕೂರಬೇಡಿ.

ಜಾಸ್ತಿ ದಿನ ನಿಲ್ಲಬೇಕು ಅಂದ್ರೆ ಗಂಧಕದ ಪುಡಿ. 12 ಇಂಚಿನ ಪಾಟ್‌ಗೆ ಒಂದು ಚಿಕ್ಕ ಚಮಚ, ಮೇಲಿನ ಮಣ್ಣಲ್ಲಿ ಬೆರೆಸಿ ತೇವ ಇರೋ ಹಾಗೆ ನೋಡ್ಕೊಳ್ಳಿ. ಬ್ಯಾಕ್ಟೀರಿಯಾ ಅದನ್ನ ನಿಧಾನಕ್ಕೆ ಆಮ್ಲ ಮಾಡ್ತವೆ, ಅದಕ್ಕೆ ವಾರಗಟ್ಟಲೆ ಬೇಕು, ಕೆಲವೊಮ್ಮೆ ತಿಂಗಳು, ಅವಸರಕ್ಕೆ ಇನ್ನೊಂದು ಚಮಚ ಹಾಕ್ಬೇಡಿ.

ಕಾಫಿ ಚರಟದ ಬಗ್ಗೆ ಎಲ್ರೂ ಕೇಳ್ತಾರೆ. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿದ ಮೇಲೆ ಉಳಿಯೋ ಚರಟದಲ್ಲಿ ಹುಳಿ ಹೆಚ್ಚೇನೂ ಉಳಿದಿರಲ್ಲ, ದಪ್ಪಕ್ಕೆ ಹಾಕಿದ್ರೆ ಮೇಲೆ ಹೆಪ್ಪುಗಟ್ಟಿ ನೀರನ್ನೇ ತಡೆಯತ್ತೆ, ಕಾಂಪೋಸ್ಟ್‌ಗೆ ಹಾಕಿ ಸಾಕು. ಒಲೆ ಬೂದಿ, ಮೊಟ್ಟೆ ಚಿಪ್ಪು ಇವೆಲ್ಲಾ ಸುಣ್ಣದ ಕಡೆಯವು, ಹಳದಿಯಾಗಿರೋ ಇಕ್ಸೋರಾಗೆ ಬೂದಿ ಹಾಕಿದ್ರಂತೂ ಮುಗೀತು. ಅಕ್ಕಿ ತೊಳೆದ ನೀರೂ ಅದೇ ಬೋರ್ ನೀರು ತಾನೇ, ಅಕ್ಕಿ ತೊಳೆದ್ರೆ ಸುಣ್ಣ ಎಲ್ಲಿಗೆ ಹೋಗತ್ತೆ. ಹೊಸ ಸಿಮೆಂಟ್ ಪಾಟ್ ತಂದ್ರೆ ಒಂದೆರಡು ವಾರ ನೀರು ತುಂಬಿಸಿ ಚೆಲ್ಲಿ, ಮತ್ತೆ ತುಂಬಿಸಿ ಚೆಲ್ಲಿ, ಆಮೇಲೆ ಗಿಡ ಹಾಕಿ, ಇಲ್ಲಾಂದ್ರೆ ಪಾಟೇ ಸುಣ್ಣ ಬಿಡತ್ತೆ. ಕೆಂಪು ಮಣ್ಣು ಅಂತ ಟೆಂಪೋಲಿ ತಂದು ಸುರಿಯೋದರಲ್ಲಿ ಗಾರೆ ಚೂರು, ಸಿಮೆಂಟ್ ಪುಡಿ ಇರಬಹುದು, ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ.

ನೀರು ಹಾಕೋ ರೀತೀನೂ ಮುಖ್ಯ. ದಿನಾ ಒಂದೊಂದು ಚೊಂಬು ಮೇಲ್ಮೇಲೆ ಚಿಮುಕಿಸಿದ್ರೆ ಉಪ್ಪು ಕೆಳಗೆ ಇಳಿಯೋದೇ ಇಲ್ಲ. ಮಣ್ಣು ಒಂದಿಂಚು ಒಣಗಿದ ಮೇಲೆ ತಳದ ತೂತಿಂದ ಹರಿಯೋವರೆಗೂ ಹಾಕಿ, ತಟ್ಟೇಲಿ ನಿಂತ ನೀರು ಚೆಲ್ಲಿ. ತಿಂಗಳಿಗೊಮ್ಮೆ ಮಳೆನೀರಲ್ಲಿ ಪಾಟ್‌ನ ಅಳತೆಯ ಎರಡರಷ್ಟು ನೀರು ಇಳಿಯೋ ಹಾಗೆ ತೊಳೀರಿ. ಬೇರು ಸದಾ ಒದ್ದೆಯಾಗಿ ಕೂತ್ರೂ ಎಲೆ ಹಿಂಗೇ ಹಳದಿಯಾಗತ್ತೆ, ತೂತು ಮುಚ್ಚಿದ್ಯಾ ಅಂತ ಮೊದಲೇ ನೋಡ್ಕೊಂಡುಬಿಡಿ.

ಗಿಡ ತೀರಾ ಸೊರಗಿದ್ರೆ ತಕ್ಷಣಕ್ಕೆ ಎಲೆಗೆ ಸ್ಪ್ರೇ ಮಾಡಬಹುದು, ಒಂದು ಲೀಟರ್ ಒಳ್ಳೇ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ), 1 ಗ್ರಾಂ ನಿಂಬೆ ಉಪ್ಪು, ಸಂಜೆ ಹೊತ್ತು, ಬಿಸಿಲಲ್ಲಿ ಬೇಡ, ನೆಲಕ್ಕೆ ಬಿದ್ರೆ ತುಕ್ಕಿನ ಕಲೆ ಹೋಗಲ್ಲ. ಮೊದಲು ಒಂದೆರಡು ಎಲೆಗೆ ಹೊಡೆದು ಮಾರನೇ ದಿನ ನೋಡಿ ಆಮೇಲೆ ಪೂರ್ತಿ ಮಾಡಿ. ಕಬ್ಬಿಣದ ಚೀಲೇಟ್ (ಬೇರಿಗೆ ಸಿಗೋ ಹಾಗೆ ಕಬ್ಬಿಣನ ಹಿಡಿದಿಟ್ಟಿರೋ ಗೊಬ್ಬರ) ಮಣ್ಣಿಗೆ ಹಾಕೋದಾದ್ರೆ ಪ್ಯಾಕೆಟ್ ಮೇಲೆ ಇಡಿಡಿಎಚ್‌ಎ ಅಂತ ಬರೆದಿರೋದು ಕೇಳಿ, ಇಡಿಟಿಎ ಅನ್ನೋ ಇನ್ನೊಂದು ಥರದ್ದು ಸುಣ್ಣದ ಮಣ್ಣಲ್ಲಿ ಜಾಸ್ತಿ ಕೆಲಸ ಮಾಡಲ್ಲ. ತೀರಾ ಹಳದಿಯಾದ ಎಲೆ ಮತ್ತೆ ಹಸಿರಾಗದೇ ಇರಬಹುದು, ಅದನ್ನ ನೋಡ್ಕೊಂಡು ಬೇಜಾರಾಗ್ಬೇಡಿ, ಮೂರ್ನಾಲ್ಕು ವಾರ ಬಿಟ್ಟು ಬರೋ ಹೊಸ ಚಿಗುರು ಯಾವ ಬಣ್ಣಕ್ಕಿದೆ ಅಂತ ನೋಡಿ. ಹಸಿರಾಗಿದ್ರೆ ಅದೇ ನೀರು ಮುಂದುವರಿಸಿ, ಇಲ್ಲಾಂದ್ರೆ ಇನ್ನೊಂದ್ಸಲ ಮಣ್ಣಿನ ತಿಳಿ ತೆಗೆದು ಪೇಪರ್ ಅದ್ದಿ.